ವಾಕ್ಯ ಹಿಡಿದು ಅಮ್ಮ ಮಾತ್ರೆ ಬಿಟ್ಟಿದ್ದಾರೆ, ಹೇಗೆ ಮಾತನಾಡಲಿ?

ಪ್ರಶ್ನೆ, ಮಾಲೂರಿನಿಂದ

ನಾವು ಮೂರು ತಲೆಮಾರಿನಿಂದ ಮೆಥೊಡಿಸ್ಟ್ ಸಭೆಯವರು. ಅಮ್ಮನಿಗೆ 62 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ 9 ವರ್ಷ. ಈಚೆಗೆ ನಮ್ಮ ಬೀದಿಯ ಮನೆಯೊಂದರಲ್ಲಿ ನಡೆಯುವ ಉಪವಾಸ ಪ್ರಾರ್ಥನೆಗೆ ಹೋಗುತ್ತಿದ್ದಾರೆ. ಅಲ್ಲಿ ಯಾರೋ ಸತ್ಯವೇದದ (ಬೈಬಲಿನ) ಯೆಶಾಯ 53:5ನೆಯ ವಾಕ್ಯ ತೋರಿಸಿ, ಯೇಸುವಿನ ಗಾಯಗಳಿಂದ ಗುಣವಾಗಿದೆ ಎಂದು ನಂಬಿದವರು ಮಾತ್ರೆ ನುಂಗಿದರೆ ಅದು ಅವಿಶ್ವಾಸ ಎಂದಿದ್ದಾರಂತೆ. ಮೂರು ವಾರದಿಂದ ಅಮ್ಮ ಮಾತ್ರೆ ಮುಟ್ಟಿಲ್ಲ. ನಾನು ಬಾಯಿ ತೆರೆದರೆ "ವಾಕ್ಯಕ್ಕಿಂತ ನೀನು ದೊಡ್ಡವಳೇ?" ಎನ್ನುತ್ತಾರೆ. ನಮ್ಮ ಸಭೆ ನಿಜವಾಗಿ ನಂಬುವುದೇನು? ವಾಕ್ಯವನ್ನು ಹೇಗೆ ಓದಬೇಕು? ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಚಿಕ್ಕಬಳ್ಳಾಪುರದಿಂದ

ತಂಗೀ, ನಾನು ನರ್ಸ್. ಮೊದಲು ಸಕ್ಕರೆ ಪರೀಕ್ಷೆ ಮಾಡಿಸು, ವಾದ ಆಮೇಲೆ. ಅತಿಯಾದ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ತೂಕ ಇಳಿಯುವುದು ಇದ್ದರೆ ತಡ ಮಾಡಬೇಡ. ವಾಂತಿ, ಏದುಸಿರು, ಮಂಪರು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ದಿನವೂ ಅವರ ಪಾದ, ಬೆರಳ ಸಂದುಗಳನ್ನು ನೋಡು. ಹುಣ್ಣಾದರೂ ಅವರಿಗೆ ನೋವು ತಿಳಿಯದಿರಬಹುದು. ಇನ್ಸುಲಿನ್ ಕೂಡ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸುವುದು ಇನ್ನೂ ಅಪಾಯ. ಇದನ್ನು ವೈದ್ಯರಿಗೆ ಇಂದೇ ಹೇಳು.

ತುಮಕೂರಿನಿಂದ

ನಾನು ನಿವೃತ್ತ ಶಿಕ್ಷಕಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ನಿನ್ನ ಪತ್ರ ಓದಿ ನಮ್ಮ ಅಪ್ಪ ಕಣ್ಣ ಮುಂದೆ ಬಂದರು. ಅವರು ಇದೇ ವಾಕ್ಯ ಹಿಡಿದು ರಕ್ತದೊತ್ತಡದ ಮಾತ್ರೆ ಬಿಟ್ಟರು. ನಾನು ದಿನವೂ ಅವರ ಎದುರು ಕುಳಿತು ಅವರ ಒಂದು ವಾಕ್ಯಕ್ಕೆ ನನ್ನ ಒಂದು ವಾಕ್ಯ ಎಸೆಯುತ್ತಿದ್ದೆ. ಗೆಲ್ಲುವ ಹಟ ನನಗೆ, ಸೋಲದಿರುವ ಹಟ ಅವರಿಗೆ. ಎಂಟನೆಯ ತಿಂಗಳು ಪಾರ್ಶ್ವವಾಯು ಹೊಡೆಯಿತು.

ಬಲಗೈ ಬಿದ್ದುಹೋದದ್ದರಿಂದ ಸತ್ಯವೇದ ಹಿಡಿಯಲು ಆಗುತ್ತಿರಲಿಲ್ಲ, ನಾನೇ ಓದುತ್ತಿದ್ದೆ. ಒಂದು ಸಂಜೆ 1 ಪೇತ್ರ 2ನೆಯ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಯೆಶಾಯನ ಅದೇ ಮಾತು ಅಲ್ಲಿ 24ನೆಯ ವಚನದಲ್ಲಿ ಮತ್ತೆ ಬರುತ್ತದೆ. ನಾವು ಪಾಪದ ಪಾಲಿಗೆ ಸತ್ತು ನೀತಿಗಾಗಿ ಬದುಕಬೇಕೆಂದು ಕ್ರಿಸ್ತನು ನಮ್ಮ ಪಾಪಗಳನ್ನು ಹೊತ್ತನು ಎಂದು ಪೇತ್ರ ಬರೆಯುತ್ತಾನೆ. ಅಂದರೆ ಅಲ್ಲಿನ ಮಾತು ಮೊದಲಿಗೆ ಪಾಪದಿಂದ ಗುಣವಾಗುವುದರ ಬಗ್ಗೆ. ಅಪ್ಪ ಎಡಗೈಯಿಂದ ಮಂಚ ತಟ್ಟಿ ನಿಲ್ಲಿಸಿದರು. ಮತ್ತೆ ಓದಿಸಿದರು. ತೊದಲುತ್ತಾ, "ನಾನು ಇಡೀ ಅಧ್ಯಾಯ ಓದಲಿಲ್ಲವಲ್ಲ ಮಗಳೇ" ಎಂದರು.

ಆದ್ದರಿಂದ ಅಮ್ಮನೊಂದಿಗೆ ಜಗಳವಾಡಬೇಡ, ಜೊತೆಗೆ ಕುಳಿತು ಓದು. ಆ ವಾಕ್ಯಕ್ಕೂ ದೇಹಕ್ಕೂ ಸಂಬಂಧವೇ ಇಲ್ಲ ಎಂದೂ ಹೇಳಬೇಡ. ಯೇಸು ರೋಗಿಗಳನ್ನು ಗುಣಪಡಿಸಿದಾಗ ಮತ್ತಾಯನು ಯೆಶಾಯನ ಆ ಅಧ್ಯಾಯವನ್ನೇ ನೆನೆಯುತ್ತಾನೆ (8:17). ದೇವರು ಗುಣಪಡಿಸುತ್ತಾನೆಂದು ನಾನೂ ನಂಬುತ್ತೇನೆ. ಆದರೆ ಔಷಧಿ ಬಿಡು ಎಂಬ ಮಾತು ಅಲ್ಲಿ ಎಲ್ಲಿದೆ? ಅದೇ ಯೆಶಾಯನು ಅರಸನಾದ ಹಿಜ್ಕೀಯನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಲು ಹೇಳಿದನು (38:21). ಅಪೊಸ್ತಲ ಪೌಲನ ಜೊತೆಯಲ್ಲಿದ್ದ ಲೂಕನು ವೈದ್ಯ. ಅಸ್ವಸ್ಥನಾಗಿದ್ದ ಜೊತೆಗಾರ ತ್ರೊಫಿಮನನ್ನು ಪೌಲನು ಮಿಲೇತದಲ್ಲಿ ಬಿಟ್ಟುಬರಬೇಕಾಯಿತು (2 ತಿಮೊಥೆಯ 4:20). ಅವನಿಗೆ ವಿಶ್ವಾಸ ಸಾಲದು ಎಂದು ಪೌಲನು ಒಂದು ಮಾತೂ ಬರೆಯಲಿಲ್ಲ. ವಾಕ್ಯ ತೋರಿಸಿದ ಮಾತ್ರಕ್ಕೆ ಸತ್ಯವಾಗಿಬಿಡುವುದಿಲ್ಲ, ಮತ್ತಾಯ 4ರಲ್ಲಿ ಸೈತಾನನೂ ಕೀರ್ತನೆಯ ಮಾತನ್ನೇ ಹೇಳುತ್ತಾನೆ. ಅದಕ್ಕೆ ಯೇಸು ಕೊಟ್ಟ ಉತ್ತರವೂ ಶಾಸ್ತ್ರದಿಂದಲೇ ಬಂದದ್ದು.

ಸಭೆ ನಂಬುವುದೇನು ಎಂದು ಕೇಳಿದ್ದೀಯೆ. ನಾವು ಆರಾಧನೆಯಲ್ಲಿ ಎದ್ದು ನಿಂತು ಹೇಳುವ ನೈಸಿಯದ ವಿಶ್ವಾಸ ಪ್ರಮಾಣವೇ (ನಾವು ನಂಬುವುದರ ಸಾರಾಂಶ) ಉತ್ತರ. ಅದು ಹುಟ್ಟಿದ ಕಥೆಯೇ ನಿನಗೆ ಬೇಕಾದದ್ದು. ಮಗನು ತಂದೆಯಿಂದ ಸೃಷ್ಟಿಯಾದವನು ಎಂದು ವಾದಿಸಿದ ನಾಲ್ಕನೆಯ ಶತಮಾನದ ಪಾದ್ರಿ ಆರಿಯಸನ ಕಡೆಯವರ ಬಳಿ ವಾಕ್ಯಗಳಿಗೆ ಕೊರತೆ ಇರಲಿಲ್ಲ. "ತಂದೆಯು ನನಗಿಂತ ದೊಡ್ಡವನು" ಎಂಬ ಯೋಹಾನ 14:28ನ್ನು ಅವರೂ ತೋರಿಸುತ್ತಿದ್ದರು. 325ರಲ್ಲಿ ನೈಸಿಯದಲ್ಲಿ, ಮತ್ತೆ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್ಪರು ಒಂದೆರಡು ವಾಕ್ಯಗಳನ್ನಲ್ಲ, ಇಡೀ ಸತ್ಯವೇದವನ್ನು ಮುಂದಿಟ್ಟುಕೊಂಡು ಅದರ ತಿರುಳನ್ನು ಕೆಲವೇ ಸಾಲುಗಳಲ್ಲಿ ಕಟ್ಟಿದರು. ತಂದೆ, ಮಗ, ಪವಿತ್ರಾತ್ಮ ಎಂಬ ಒಬ್ಬನೇ ದೇವರು. ಮನುಷ್ಯನಾಗಿ ಹುಟ್ಟಿ, ಶಿಲುಬೆಯಲ್ಲಿ ಸತ್ತು, ಮೂರನೆಯ ದಿನ ಎದ್ದ ಕ್ರಿಸ್ತನು. ಪಾಪಗಳ ಪರಿಹಾರ, ಸತ್ತವರ ಪುನರುತ್ಥಾನ. ಯಾರಾದರೂ ಹೊಸ ಬೋಧನೆ ತಂದಾಗ ಅದನ್ನು ಈ ಸಾಲುಗಳ ಪಕ್ಕದಲ್ಲಿಟ್ಟು ನೋಡುತ್ತೇನೆ. ಭೂಮ್ಯಾಕಾಶಗಳನ್ನು ನಿರ್ಮಿಸಿದವನು ದೇವರಾದರೆ, ಔಷಧಿಯ ಗುಣವೂ ಅವನ ಸೃಷ್ಟಿಯೇ. ಕಡೆಯ ದಿನ ಈ ದೇಹವನ್ನೇ ಎಬ್ಬಿಸುತ್ತಾನೆ ಎಂದು ನಂಬುವವರು ಇಂದು ಅದನ್ನು ಹಾಳುಬಿಡಬಹುದೇ?

ನೀವು ಮೆಥೊಡಿಸ್ಟರು ಎಂದೆಯಲ್ಲ. ನಿಮ್ಮ ಮೂಲಪುರುಷ ಜಾನ್ ವೆಸ್ಲಿ 1747ರಲ್ಲಿ ಬಡವರಿಗಾಗಿ ಮನೆಮದ್ದುಗಳ ಪುಸ್ತಕವನ್ನೇ ಬರೆದು ಪ್ರಕಟಿಸಿದವರು. ಕೋಲಾರದ ಮಿಷನ್ ಆಸ್ಪತ್ರೆ ಕಟ್ಟಿದವರೂ ನಿಮ್ಮ ಸಭೆಯ ಮಿಷನರಿಗಳೇ. ಸತ್ಯವೇದ ತಂದ ಕೈಗಳೇ ಔಷಧಿಯನ್ನೂ ಕೊಟ್ಟವು ಎಂದು ಅಮ್ಮನಿಗೆ ನೆನಪಿಸು.

ಕೆ.ಜಿ.ಎಫ್.ನಿಂದ

ನಾನು ಕಥೋಲಿಕ. ನಮ್ಮ ಸತ್ಯವೇದದಲ್ಲಿ 73 ಗ್ರಂಥಗಳು, ನಿಮ್ಮದರಲ್ಲಿ 66. ನಮ್ಮಲ್ಲಿರುವ ಸಿರಾಖ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸು, ಔಷಧಿಗಳನ್ನು ಕರ್ತನೇ ಭೂಮಿಯಿಂದ ಉಂಟುಮಾಡಿದನು ಎನ್ನುತ್ತದೆ. ನಿಮ್ಮ ತಾಯಿ ಅದನ್ನು ಶಾಸ್ತ್ರವೆಂದು ಒಪ್ಪದಿರಬಹುದು, ಹಳೆಯ ಹಿರಿಯರ ಮಾತೆಂದಾದರೂ ಕೇಳಿಸಿಕೊಂಡಾರು. 1965ರ ವ್ಯಾಟಿಕನ್ ಮಹಾಸಭೆಯ ದಸ್ತಾವೇಜು ನಮಗೆ ಕಲಿಸಿದ್ದೂ ಇದೇ: ಬರೆದವನು ಏನು ಹೇಳಲು ಹೊರಟನು, ಅದು ಕಾವ್ಯವೋ ಚರಿತ್ರೆಯೋ ಪ್ರವಾದನೆಯೋ ಎಂದು ನೋಡಿ, ಇಡೀ ಶಾಸ್ತ್ರದ ಬೆಳಕಿನಲ್ಲಿ ಓದಬೇಕು.

ನನ್ನ ಅತ್ತೆಯವರ ವಿಷಯದಲ್ಲಿ ನಾವು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಆ ಕೂಟಕ್ಕೆ ಹೋಗಬೇಡಿ ಎಂದು ಬಾಗಿಲು ಹಾಕಿದೆವು. ಅವರಿಗೆ ಅಲ್ಲಿ ಸಿಗುತ್ತಿದ್ದುದು ಬೋಧನೆಗಿಂತ ಹೆಚ್ಚಾಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ನಾಲ್ಕು ಜನ. ಅದನ್ನು ಕಿತ್ತುಕೊಂಡೆವು, ಬದಲಿಗೆ ಏನೂ ಕೊಡಲಿಲ್ಲ. ನಿಮ್ಮ ಸಭಾಪಾಲಕರನ್ನು ಮನೆಗೆ ಕರೆಯಿರಿ. ಯಾಕೋಬ 5:14ರಲ್ಲಿ ಹೇಳಿದಂತೆ ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಮಾತ್ರೆಯ ಮಾತು ಅದಾದ ಮೇಲೆ ಬರಲಿ.

ಮಾಲೂರಿನಿಂದ ಮತ್ತೆ

ಎಲ್ಲರಿಗೂ ವಂದನೆಗಳು. ಪರೀಕ್ಷೆ ಮಾಡಿಸಿದೆ, ಊಟಕ್ಕೆ ಮುಂಚಿನ ಸಕ್ಕರೆ 284 ಬಂದಿದೆ. ನಿನ್ನೆ ರಾತ್ರಿ ಇಬ್ಬರೂ ಕುಳಿತು ತಿಮೊಥೆಯನಿಗೆ ಬರೆದ ಎರಡನೆಯ ಪತ್ರವನ್ನು ಪೂರ್ತಿ ಓದಿದೆವು. ಅಮ್ಮ ತ್ರೊಫಿಮನ ಹೆಸರಿನ ಮೇಲೆ ಬೆರಳಿಟ್ಟು, "ಇವನಿಗಾಗಿ ಪೌಲನು ಪ್ರಾರ್ಥಿಸದೆ ಇದ್ದಾನೆಯೇ?" ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಕೂಟಕ್ಕೆ ಹೋಗುವುದನ್ನು ಬಿಡುವುದಿಲ್ಲವಂತೆ. ಬೆಳಗ್ಗೆ ನಾನು ಕೇಳುವ ಮುಂಚೆಯೇ ಮಾತ್ರೆಯ ಡಬ್ಬಿ ಎಲ್ಲಿಟ್ಟೆ ಎಂದು ವಿಚಾರಿಸಿದರು. ಶನಿವಾರ ಸಭಾಪಾಲಕರು ಬರುತ್ತಾರೆ.