ಗ್ರಾಫಿಕ್ಸ್ ಕಾರ್ಡ್ ಹಾಟ್‌ಸ್ಪಾಟ್ 105 ಡಿಗ್ರಿ: ಪೇಸ್ಟ್ ಬದಲಿಸಲಾ, ಕ್ಯಾಬಿನೆಟ್ ಬದಲಿಸಲಾ? ಅನುಭವ ಇರುವವರು ಹೇಳಿ

ಕೇಳಿದವರು (ವಿಜಯನಗರ)
ನನ್ನದು ಆರ್‌ಟಿಎಕ್ಸ್ 3070, ಸೆಕೆಂಡ್ ಹ್ಯಾಂಡ್, ವಾರಂಟಿ ಮುಗಿದಿದೆ. ಗೇಮ್ ಶುರು ಮಾಡಿ ಸ್ವಲ್ಪ ಹೊತ್ತಿಗೆ ಕೋರ್ (ಚಿಪ್‌ನ ಸಾಮಾನ್ಯ ಶಾಖ) 79, ಹಾಟ್‌ಸ್ಪಾಟ್ (ಚಿಪ್‌ನಲ್ಲಿ ಅತಿ ಬಿಸಿಯಾದ ಜಾಗ) 105 ತೋರಿಸುತ್ತದೆ. ಆಮೇಲೆ ಫ್ರೇಮ್ ರೇಟ್ ಬೀಳುತ್ತದೆ, ಫ್ಯಾನ್ ಸದ್ದಿಗೆ ಪಕ್ಕದ ರೂಮಿನಲ್ಲಿ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಮನೆ ಮೇಲಿನ ಮಹಡಿ, ತಲೆ ಮೇಲೆ ನೇರ ತಾರಸಿ. ಕ್ಯಾಬಿನೆಟ್ ಮುಂದೆ ಪೂರ್ತಿ ಗಾಜು. ಧೂಳು ಊದಿ ತೆಗೆದಾಯಿತು. ಕೈಯಲ್ಲಿ ಮೂರು ಸಾವಿರ ಇದೆ. ಯಾವುದಕ್ಕೆ ಹಾಕಲಿ, ಚಿಪ್‌ನ ಶಾಖವನ್ನು ಮೇಲಿನ ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟಿಗಾ, ಕ್ಯಾಬಿನೆಟ್‌ಗಾ?

ಬಸವನಗುಡಿಯಿಂದ
ಮೆಮೊರಿ ಚಿಪ್‌ಗಳ ಶಾಖ ದಾಟಿಸುವ ಪ್ಯಾಡ್ ಬದಲಿಸಿ ಸರ್, ಬೇರೆ ಯೋಚನೆಯೇ ಬೇಡ. ನನ್ನದು 3080, 320 ವ್ಯಾಟ್ ಎಳೆಯುವ ಕಾರ್ಡ್. ಮೆಮೊರಿ 110ಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಆ ಜಿಡಿಡಿಆರ್6ಎಕ್ಸ್ ಮೆಮೊರಿ 110 ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸುತ್ತದೆ. ಮೊದಲು ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಕೂಲಿ 1,500, ಪ್ಯಾಡ್ ಅಂತ ಬೇರೆ 1,200 ತೆಗೆದುಕೊಂಡರು. ಮನೆಗೆ ತಂದು ಹಾಕಿದರೆ ಮೆಮೊರಿ ಇಳಿದಿದೆ, ಕೋರ್ 90 ದಾಟಿದೆ! ಬಿಚ್ಚಿ ನೋಡಿದರೆ ಪುಣ್ಯಾತ್ಮರು ಎಲ್ಲಾ ಕಡೆ 2 ಎಂಎಂ ಪ್ಯಾಡ್ ಹಾಕಿದ್ದಾರೆ. ಪ್ಯಾಡ್ ದಪ್ಪ ಆದರೆ ಹೀಟ್‌ಸಿಂಕ್ ಮೇಲೆದ್ದು ನಿಲ್ಲುತ್ತದೆ, ಚಿಪ್‌ಗೆ ಸರಿಯಾಗಿ ಒತ್ತುವುದೇ ಇಲ್ಲ. ಇಷ್ಟು ಗೊತ್ತಿಲ್ಲದವರು ರಿಪೇರಿ ಬೋರ್ಡ್ ಯಾಕೆ ಹಾಕಿಕೊಳ್ಳಬೇಕು? ಸಾಲದ್ದಕ್ಕೆ ಒಂದು ತಿರುಪಿನ ತಲೆ ಸವೆಸಿ ಕೊಟ್ಟಿದ್ದರು. ಕೊನೆಗೆ ನಾನೇ ಕೂತು ಹಳೇ ಪ್ಯಾಡುಗಳನ್ನು ಕ್ಯಾಲಿಪರ್‌ನಲ್ಲಿ ಅಳೆದು, ಬೇರೆ ಬೇರೆ ದಪ್ಪದ ಶೀಟ್ ತರಿಸಿದೆ. ಅದು 1,900, ಐಸೊಪ್ರೊಪೈಲ್ ಆಲ್ಕೋಹಾಲ್ 350, ಕೊರಿಯರ್ ಬೇರೆ. ಈಗ ಮೆಮೊರಿ 88 ದಾಟುವುದಿಲ್ಲ.

ಮಲ್ಲೇಶ್ವರದಿಂದ
ಸುಮ್ನೆ ಕಾರ್ಡ್ ಬಿಚ್ಚಿಸಬೇಡಿ. ನಾನು ಒಂದು ರೂಪಾಯಿ ಖರ್ಚು ಮಾಡಿಲ್ಲ. 3060 ಟಿಐ, 200 ವ್ಯಾಟ್ ಕಾರ್ಡ್. ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ವೋಲ್ಟೇಜ್ ಕರ್ವ್ ತೆಗೆದು 0.9 ವೋಲ್ಟ್‌ಗೆ 1,850 ಮೆಗಾಹರ್ಟ್ಜ್ ಕಟ್ಟಿಹಾಕಿದೆ. ಈಗ 150ರ ಆಸುಪಾಸು ಎಳೆಯುತ್ತದೆ, ಶಾಖ ಹತ್ತು ಡಿಗ್ರಿ ಇಳಿದಿದೆ, ಗೇಮ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಮಾತ್ರ ತೋರಿಸುವ 60 ಹರ್ಟ್ಜ್ ಮಾನಿಟರ್ ಇಟ್ಟುಕೊಂಡು 140 ಫ್ರೇಮ್ ಓಡಿಸುವವರನ್ನು ನೋಡಿದ್ದೇನೆ. ಫ್ರೇಮ್‌ಗೆ ಮಿತಿ ಹಾಕಿದರೇ ಅರ್ಧ ಬಿಸಿ ಹೋಗುತ್ತದೆ. ಮೇಲಿನವರು ಸುರಿದ ದುಡ್ಡಿಗೆ ಒಂದು ಒಳ್ಳೇ ಕ್ಯಾಬಿನೆಟ್ ಬರುತ್ತಿತ್ತು.

ಬಸವನಗುಡಿಯಿಂದ
ನನ್ನ ದುಡ್ಡು, ನಾನು ಸುರಿಯುತ್ತೇನೆ. ವೋಲ್ಟೇಜ್ ಇಳಿಸುವುದು ಚೆನ್ನಾಗಿರುವ ಕಾರ್ಡಿಗೆ ಸರಿ. ಪೇಸ್ಟ್ ಒಣಗಿದ ಕಾರ್ಡಿಗೆ ಅದನ್ನು ಹೇಳುವುದು, ಮೂಗು ಕಟ್ಟಿದವನಿಗೆ ಓಡಬೇಡ ಅಂದ ಹಾಗೆ. ರೋಗ ಅಲ್ಲೇ ಇರುತ್ತದೆ. ಇವತ್ತು ಹತ್ತು ಡಿಗ್ರಿ ಇಳಿಯುತ್ತದೆ, ಮುಂದಿನ ಏಪ್ರಿಲ್‌ಗೆ ವಾಪಸ್ ಬರುತ್ತದೆ.

ಯಲಹಂಕದಿಂದ
ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಅಲ್ಲೇ ಉತ್ತರ ಇದೆ. 2022ರ ಸೆಪ್ಟೆಂಬರ್ 15ಕ್ಕೆ ಇಂಥ ಕಾರ್ಡ್‌ಗಳನ್ನು ಹಗಲೂ ರಾತ್ರಿ ಓಡಿಸಿ ಇಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿ ಗಳಿಸುವ ಮೈನಿಂಗ್ ನಿಂತಿತು, ಆಮೇಲೆ ಮಾರ್ಕೆಟ್ ತುಂಬಾ ಅವೇ ಕಾರ್ಡ್‌ಗಳು. ನನಗೂ ಒಂದು ಆರ್‌ಎಕ್ಸ್ 6700 ಎಕ್ಸ್‌ಟಿ ಸಿಕ್ಕಿತು. ಗೇಮಿಂಗ್‌ಗೆ ಮಾತ್ರ ಬಳಸಿದ್ದು, ಡಬ್ಬ ಸಮೇತ ಇದೆ ಅಂತ ಹೇಳಿ 21,000 ತೆಗೆದುಕೊಂಡ. ಮೆಜೆಸ್ಟಿಕ್‌ನಲ್ಲಿ ಕೈಗೆ ಕೊಟ್ಟು ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಒಂದು ಫ್ಯಾನಿನ ಬೇರಿಂಗ್ ಪೂರ್ತಿ ಹೋಗಿತ್ತು, ಪ್ಯಾಡುಗಳಿಂದ ಎಣ್ಣೆ ಸೋರಿ ಬೋರ್ಡ್ ಎಲ್ಲಾ ಅಂಟು. ಫ್ಯಾನ್ ಜೋಡಿ 1,400. ಬಂದ ಫ್ಯಾನಿನ ಕನೆಕ್ಟರ್ ಪಿನ್ ಬೇರೆ, ವಾಪಸ್ ಕಳಿಸಿದೆ, ಅದಕ್ಕೆ ಮತ್ತೆ ಕೊರಿಯರ್ ಕಾಸು. ಜಂಕ್ಷನ್ (ಎಎಂಡಿ ಕಾರ್ಡ್‌ನಲ್ಲಿ ಹಾಟ್‌ಸ್ಪಾಟ್‌ಗೆ ಅದೇ ಹೆಸರು) 108 ತೋರಿಸುತ್ತಿತ್ತು. ಎಎಂಡಿಯಲ್ಲಿ 110ರವರೆಗೆ ನಾರ್ಮಲ್ ಅಂತ ಎಲ್ಲರೂ ಸಮಾಧಾನ ಹೇಳಿದರು. ಸಮಾಧಾನದಿಂದ ಫ್ಯಾನ್ ತಿರುಗುವುದಿಲ್ಲ. ಮಾರಿಬಿಡಿ, ಹೊಸದು ತೆಗೆದುಕೊಳ್ಳಿ.

ಬನಶಂಕರಿಯಿಂದ
ಮೈನಿಂಗ್ ಕಾರ್ಡ್ ಅಂದ ಕೂಡಲೇ ಹೀಗೆ ಹೆದರಿಸಬೇಡಿ. ಮೈನಿಂಗ್ ಮಾಡಿದವರಲ್ಲಿ ಬಹಳ ಜನ ಕರೆಂಟ್ ಬಿಲ್ ಉಳಿಸಲು ಪವರ್ ಇಳಿಸಿಯೇ ಓಡಿಸುತ್ತಿದ್ದರು. ಫ್ಯಾನ್ ಸವೆಯುತ್ತದೆ, ಪೇಸ್ಟ್ ಒಣಗುತ್ತದೆ, ನಿಜ. ಚಿಪ್ ಸಾಯುವುದಿಲ್ಲ. ನಾನು ಅಂಥದ್ದೇ ಕಾರ್ಡ್ ತಂದು ಪೇಸ್ಟ್ ಹಾಕಿ ಇವತ್ತಿಗೂ ಆಡುತ್ತಿದ್ದೇನೆ. ನೀವು ಆನ್ ಮಾಡಿ ನೋಡದೆ ದುಡ್ಡು ಕೊಟ್ಟಿರಿ, ಅದು ಕಾರ್ಡಿನ ತಪ್ಪಾ?

ಯಲಹಂಕದಿಂದ
ಮೋಸ ಮಾಡಿದವನನ್ನು ಬಿಟ್ಟು ಮೋಸ ಹೋದವನಿಗೆ ಬುದ್ಧಿ ಹೇಳುತ್ತೀರಲ್ಲ. ಬಸ್ ಸ್ಟ್ಯಾಂಡ್‌ನಲ್ಲಿ ಎಲ್ಲಿ ಆನ್ ಮಾಡಿ ನೋಡಲಿ ಸ್ವಾಮಿ?

ಜೆ.ಪಿ. ನಗರದಿಂದ
ಕೇಳಿದವರ ನಂಬರ್ ಯಾರಾದರೂ ಓದಿದಿರಾ? ನಾನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರಿಂಗ್ (ಚಿತ್ರ ತಯಾರಿಸುವ) ಕೆಲಸ ಮಾಡುವವಳು, ರಾತ್ರಿಯಿಡೀ ಕಾರ್ಡ್ ಓಡಲೇಬೇಕು. ನಂದು ಪೇಸ್ಟೂ ಅಲ್ಲ, ಪ್ಯಾಡೂ ಅಲ್ಲ, ಕ್ಯಾಬಿನೆಟ್. ಮುಂದೆ ಗಾಜು, ಬಣ್ಣ ಬಣ್ಣದ ಲೈಟ್ ಇರುವ ಮೂರು ಫ್ಯಾನ್, ಗಾಳಿ ಒಳಗೆ ಹೋಗಲು ಬೆರಳಷ್ಟು ಸಂದಿ. ಅದಕ್ಕೇ 6,500 ಕೊಟ್ಟಿದ್ದೆ, ಅಂಗಡಿಯವರು ಏರ್‌ಫ್ಲೋ ಸೂಪರ್ ಅಂತ ಹೇಳಿ ಕಟ್ಟಿಕೊಟ್ಟರು. ಪಕ್ಕದ ಬಾಗಿಲು ತೆಗೆದಿಟ್ಟು ರೆಂಡರ್ ಹಾಕಿದರೆ 12 ಡಿಗ್ರಿ ಕಡಿಮೆ! ಆ ಸಿಟ್ಟು ಇನ್ನೂ ಇಳಿದಿಲ್ಲ. 4,200ಕ್ಕೆ ಜಾಲರಿ ಮುಖದ ಕ್ಯಾಬಿನೆಟ್ ತಂದೆ, ಹಳೇದಕ್ಕೆ 1,000 ಸಿಕ್ಕಿತು. ನೀವೂ ಮೊದಲು ಬಾಗಿಲು ತೆಗೆದು ಅದೇ ಗೇಮ್ ಆಡಿ ನೋಡಿ, ಅದಕ್ಕೆ ದುಡ್ಡು ಬೇಡ. ಕೋರ್, ಹಾಟ್‌ಸ್ಪಾಟ್ ಎರಡೂ ಚೆನ್ನಾಗಿ ಇಳಿದರೆ ಕ್ಯಾಬಿನೆಟ್. ಎರಡೂ ಅಷ್ಟಾಗಿ ಇಳಿಯದೆ, ನಡುವಿನ ಅಂತರ 26 ಹಾಗೇ ಉಳಿದರೆ ಪೇಸ್ಟ್. ಇನ್ನೊಂದು ಮಾತು, 3070ರಲ್ಲಿ ಇರುವುದು ಜಿಡಿಡಿಆರ್6, ಎಕ್ಸ್ ಅಲ್ಲ. ಬಸವನಗುಡಿಯವರ 110ರ ಕಥೆ ಇವರಿಗೆ ಅನ್ವಯಿಸುವುದಿಲ್ಲ.

ಬಸವನಗುಡಿಯಿಂದ
ಕಥೆ ಅಲ್ಲ ಮೇಡಂ, ಅನುಭವ. ಅನುಭವ ಕೇಳಿದರು, ಹೇಳಿದೆ.

ಹೆಬ್ಬಾಳದಿಂದ
ಎಲ್ಲರೂ ಊರನ್ನೇ ಮರೆತಿರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಚೆನ್ನೈಗಿಂತ ತೆಳು. ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ಸ್ವಲ್ಪ ಕಡಿಮೆ. ಮೇಲಾಗಿ 2024ರ ಏಪ್ರಿಲ್‌ನಲ್ಲಿ 38 ದಾಟಿತ್ತು. ರೂಮು ಒಂದು ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ತಾರಸಿ ಕೆಳಗಿನ ರೂಮು ಅಂದರೆ ಕೇಳಲೇಬೇಡಿ. ನಾನು ತಾರಸಿಗೆ ಬಿಳಿ ಕೂಲ್ ಪೇಂಟ್ ಹೊಡೆಸಿದೆ, 14,000 ಆಯಿತು, ರೂಮು ಎಷ್ಟೋ ತಣ್ಣಗಾಯಿತು, ಕಾರ್ಡೂ ತಣ್ಣಗಾಯಿತು.

ಮಲ್ಲೇಶ್ವರದಿಂದ
ಮೂರು ಸಾವಿರ ಇದೆ ಅಂದವರಿಗೆ ಮನೆಗೆ ಬಣ್ಣ ಹೊಡೆಸಿ ಅನ್ನುತ್ತೀರಾ? ಚೆನ್ನೈಯಲ್ಲಿ ಇನ್ನೂ ಸೆಕೆ, ಅಲ್ಲಿ ಯಾರೂ ಆಡುವುದಿಲ್ವಾ?

ಹೆಬ್ಬಾಳದಿಂದ
ಬಾಡಿಗೆ ಮನೆಯೋ ಸ್ವಂತ ಮನೆಯೋ ಅವರೇ ನೋಡಿಕೊಳ್ಳುತ್ತಾರೆ. ಮೊದಲು ಫ್ಯಾನ್ ಇಲ್ಲದೆ ಮಲಗುತ್ತಿದ್ದ ಊರು ಇದು. ಮರ ಕಡಿದು ರಸ್ತೆ ಅಗಲ ಮಾಡಿದ್ದರ ಬಿಸಿ ಕಾರ್ಡಿಗೂ ತಟ್ಟುತ್ತಿದೆ, ಅದನ್ನು ಹೇಳಿದರೆ ತಪ್ಪಾ?

ಬನಶಂಕರಿಯಿಂದ
ಮರದ ವಿಷಯ ಬೇರೆ ಕಡೆ ಮಾತಾಡೋಣ. ವಿಜಯನಗರದವರೇ, ಪೇಸ್ಟ್ ಅಂತ ಗೊತ್ತಾದರೆ ಸಾದಾ ಪೇಸ್ಟ್ ಬೇಡ. ಕಾರ್ಡ್ ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ, ತೆಳು ಪೇಸ್ಟ್ ಚಿಪ್‌ನ ಅಂಚಿಗೆ ಹರಿದುಹೋಗುತ್ತದೆ, ಹಾಟ್‌ಸ್ಪಾಟ್ ಮತ್ತೆ ಏರುತ್ತದೆ. ಹನಿವೆಲ್‌ನ ಪಿಟಿಎಂ7950 ಹಾಕಿ. ಅದು ತೆಳು ಹಾಳೆ, ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಕೂರುತ್ತದೆ, ಆಚೆ ಹರಿಯುವುದಿಲ್ಲ. ಹಚ್ಚುವ ಮೊದಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಮೇಲಿನ ಪ್ಲಾಸ್ಟಿಕ್ ಜೊತೆ ಕಿತ್ತು ಬರುತ್ತದೆ. ನಾನು ಎಸ್.ಪಿ. ರೋಡಿನಲ್ಲಿ ತುಂಡು 600ಕ್ಕೆ ತಂದೆ.

ಯಲಹಂಕದಿಂದ
600ಕ್ಕೆ ಸಿಕ್ಕಿದ್ದು ಅಸಲಿ ಅಂತ ಹೇಗೆ ಗೊತ್ತು? ಅದರ ನಕಲಿ ಎಲ್ಲಾ ಕಡೆ ಇದೆ. ಬಿಲ್ ಕೊಟ್ಟರಾ?

ಬನಶಂಕರಿಯಿಂದ
ಹಾಟ್‌ಸ್ಪಾಟ್ 101 ಇದ್ದದ್ದು 84 ಆಯಿತು, ಅದೇ ಬಿಲ್. ಎಸ್.ಪಿ. ರೋಡಿನ ಅಂಗಡಿಗಳಿಂದಲೇ ಈ ಊರಿನ ಅರ್ಧ ಕಂಪ್ಯೂಟರ್‌ಗಳು ಹುಟ್ಟಿವೆ. ಒಬ್ಬರು ಮೋಸ ಮಾಡಿದರು ಅಂತ ಎಲ್ಲರನ್ನೂ ಕಳ್ಳರು ಮಾಡಬೇಡಿ. ನಮ್ಮ ಮಾವ ಅಲ್ಲೇ ಅಂಗಡಿ ಇಟ್ಟಿದ್ದವರು, ಕೇಳಿದರೆ ನೋವಾಗುತ್ತದೆ.

ಯಲಹಂಕದಿಂದ
ನಿಮ್ಮ ಮಾವನ ಬಗ್ಗೆ ನಾನು ಏನೂ ಹೇಳಿಲ್ಲ. ಬಿಲ್ ಇಲ್ಲದೆ ಏನೂ ತರಬಾರದು, ನಾಳೆ ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೆ ಕೈಯಲ್ಲಿ ಕಾಗದ ಇರಬೇಕು. 21,000 ಹೋದವನಿಗೆ ಅದು ಗೊತ್ತು.

ಕೇಳಿದವರು (ವಿಜಯನಗರ)
ಎಲ್ಲರಿಗೂ ಥ್ಯಾಂಕ್ಸ್. ಜೆ.ಪಿ. ನಗರದ ಮೇಡಂ ಹೇಳಿದಂತೆ ಬಾಗಿಲು ತೆಗೆದು ಆಡಿದೆ. ಕೋರ್ 76, ಹಾಟ್‌ಸ್ಪಾಟ್ 102. ಅಂತರ ಹಾಗೇ ಇದೆ. ಹಾಗಾದರೆ ಪೇಸ್ಟೇ ಅಲ್ವಾ? ಶನಿವಾರ ಬಿಚ್ಚುತ್ತೇನೆ.

ಜೆ.ಪಿ. ನಗರದಿಂದ
ಹೌದು, ಪೇಸ್ಟೇ. ಕ್ಯಾಬಿನೆಟ್‌ಗೆ ಈಗ ದುಡ್ಡು ಹಾಕಬೇಡಿ.

ಬಸವನಗುಡಿಯಿಂದ
ಬಿಚ್ಚುವಾಗ ಫ್ಯಾನಿನ ವೈರ್ ಎಳೆಯಬೇಡಿ, ಕನೆಕ್ಟರ್ ಹಿಡಿದು ಬಿಡಿಸಿ. ಹಳೇ ಪ್ಯಾಡ್ ಹರಿಯದಿದ್ದರೆ ಅದನ್ನೇ ಉಳಿಸಿಕೊಳ್ಳಿ, ಹರಿದರೆ ಅಳತೆ ನೋಡಿಯೇ ತನ್ನಿ. ನನ್ನ 3080ರ ಅಳತೆ ನಿಮ್ಮದಕ್ಕೆ ಆಗುವುದಿಲ್ಲ. ಚಿಪ್ ಸುತ್ತಲಿನ ನಾಲ್ಕು ತಿರುಪನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಮೂಲೆ ಪೂರ್ತಿ ಬಿಗಿ ಮಾಡಿದರೆ ಚಿಪ್ ಅಂಚು ಒಡೆಯಬಹುದು.

ಮಲ್ಲೇಶ್ವರದಿಂದ
ಶನಿವಾರದವರೆಗೆ ಕಾಯುವವರು ಇವತ್ತು ರಾತ್ರಿ ಫ್ರೇಮ್ ಮಿತಿ ಹಾಕಿ, 0.9 ವೋಲ್ಟ್ ಇಟ್ಟು ಆಡಬಹುದಲ್ವಾ? ಅಮ್ಮ ನಿದ್ದೆಯಾದರೂ ಮಾಡಲಿ.