ಪದಚರ್ಚೆ: ಕಿಟಕಿ ‘ಸೋರುತ್ತದೆ’ ಎನ್ನಬಹುದೇ? ‘ಬೇ ವಿಂಡೋ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆಯ ಮನೆಗಳ ಸಣ್ಣಪುಟ್ಟ ದುರಸ್ತಿಯನ್ನು ಕುರಿತು ನಮ್ಮ ಬಡಾವಣೆಯವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ‘ಬೇ ವಿಂಡೋ’ದಲ್ಲಿ ನೀರು ಒಳಬರುವ ಜಾಗವನ್ನು ಪತ್ತೆಹಚ್ಚಿ, ಮಳೆಗಾಲ ಮುಗಿಯುವವರೆಗೆ ಅದನ್ನು ಹೇಗಾದರೂ ತಡೆಯುವ ಬಗೆಯನ್ನು ವಿವರಿಸುವ ಎರಡು ಪುಟಗಳಲ್ಲಿ ನಾಲ್ಕಾರು ಪದಗಳು ನನ್ನನ್ನು ಮುಂದೆ ಹೋಗಗೊಡುತ್ತಿಲ್ಲ.

ಮೊದಲು ವಸ್ತುವಿನ ಹೆಸರು. ಬೆಂಗಳೂರಿನ ದಂಡು ಪ್ರದೇಶದಲ್ಲೂ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಉಳಿದಿರುವ ಹಳೆಯ ಬಂಗಲೆಗಳನ್ನು ನೋಡಿದವರಿಗೆ ಇದು ಹೊಸದಲ್ಲ: ಮುಂಗೋಣೆಯ ಗೋಡೆ ಮೂರು ಮುಖವಾಗಿ ಅಂಗಳದ ಕಡೆಗೆ ಚಾಚಿಕೊಂಡು, ಮೂರರಲ್ಲೂ ಕಿಟಕಿಗಳಿದ್ದು, ಮೇಲೆ ಮಂಗಳೂರು ಹಂಚಿನ ಪುಟ್ಟ ಇಳಿಜಾರು ಸೂರು ಇರುತ್ತದೆ. ಇದನ್ನು ‘ಕೊಲ್ಲಿ ಕಿಟಕಿ’ ಎಂದು ಯಂತ್ರಾನುವಾದವೊಂದು ಕೊಟ್ಟದ್ದನ್ನು ಕಂಡು ನಕ್ಕೆ. ಇಂಗ್ಲಿಷಿನಲ್ಲಿ ಕಡಲಿನ ‘ಬೇ’ ಮತ್ತು ಕಟ್ಟಡದ ‘ಬೇ’ ಬೇರೆ ಬೇರೆ ಪದಗಳು; ಎರಡನೆಯದು ಬಾಯಿ ತೆರೆದಿರುವುದು ಎಂಬರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು. (ನಮ್ಮ ‘ಬಾಯಿ’ಗೂ ಅದಕ್ಕೂ ಯಾವ ನಂಟೂ ಇಲ್ಲ, ಆ ಆಸೆ ಬೇಡ.) ಕನ್ನಡದ ‘ಕಂಡಿ’, ‘ಕಿಂಡಿ’, ‘ಬೆಳಕಿಂಡಿ’ಗಳೂ ತೆರಪನ್ನೇ ಹೇಳುತ್ತವೆಯಾದರೂ, ಉಡುಪಿಯ ಕನಕನ ಕಿಂಡಿಯನ್ನು ನೆನೆಯುವ ಯಾರಿಗೂ ಕಿಂಡಿಯೆಂದರೆ ಗೋಡೆಯೊಳಗಿನ ಸಣ್ಣ ತೆರಪೇ ಹೊರತು ಗೋಡೆಯಿಂದ ಹೊರಬಂದ ರಚನೆಯಲ್ಲ. ‘ಮುಂಚಾಚು ಕಿಟಕಿ’ ಎಂದರೆ ಅರ್ಥವಾಗುತ್ತದೆ, ಆದರೆ ನೆಲದಿಂದ ಮೇಲೇಳುವ ಈ ಬಗೆಗೂ, ವಿಜಯಪುರದ ಮೆಹತರ್ ಮಹಲಿನಲ್ಲಿರುವಂತೆ ಕಲ್ಲಿನ ಚಾಚುಗಳ ಮೇಲೆ ನಿಂತ ಬಗೆಗೂ ಅದರಲ್ಲಿ ಭೇದ ಉಳಿಯುವುದಿಲ್ಲ. ನಮ್ಮ ಬಡಗಿ ‘ಮೂರು ಪಕ್ಕದ ಕಿಟಕಿ’ ಎನ್ನುತ್ತಾರೆ. ನನಗೆ ‘ಮುಮ್ಮೊಗದ ಕಿಟಕಿ’ ಎಂಬುದು ಹಿಡಿಸಿದೆ. ಅರ್ಧವರ್ತುಲದ ಕಿಟಕಿಗೆ ಅದು ಹೊಂದುವುದಿಲ್ಲವೆಂಬ ಆಕ್ಷೇಪವನ್ನು ಒಪ್ಪುತ್ತೇನೆ.

ಇನ್ನು ಕ್ರಿಯಾಪದ. ನನಗೆ ನಿಜವಾಗಿ ತೊಡಕಾಗಿರುವುದು ಇಲ್ಲಿ. ನಾವು ಬಾಡಿಗೆಗಿರುವ ಮನೆಯಲ್ಲಿ ಕಳೆದ ಸೆಪ್ಟೆಂಬರಿನ ಗಾಳಿಮಳೆಗೆ ಕಿಟಕಿಯ ಕಟ್ಟೆಯ ಎಡಮೂಲೆಯಲ್ಲಿ ನೀರು ನಿಲ್ಲತೊಡಗಿತು. ಮೇಸ್ತ್ರಿಯವರನ್ನು ಕರೆದು ‘ಕಿಟಕಿ ಸೋರುತ್ತಿದೆ’ ಎಂದೆ. ಅವರು ಚೌಕಟ್ಟಿನ ಮೇಲ್ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಕಿಟಕಿ ಸೋರ್ತಾ ಇಲ್ಲ ಸಾರ್, ನೀರು ಮೇಲಿಂದ ಇಳೀತಾ ಇದೆ’ ಎಂದರು. ನಾನು ಹೇಳಿದ್ದನ್ನೇ ಅವರು ಬೇರೆ ಮಾತಿನಲ್ಲಿ ಹೇಳಿದರೆಂದು ಮೊದಲು ತಿಳಿದೆ. ಆಮೇಲೆ ಯೋಚಿಸಿದಾಗ, ಅವರು ನನ್ನ ವಾಕ್ಯದ ಕರ್ತೃವನ್ನೇ ಬದಲಿಸಿದ್ದು ಹೊಳೆಯಿತು. ಕೊಡವೂ ಸೋರುತ್ತದೆ, ಕೊಡದ ನೀರೂ ಸೋರುತ್ತದೆ. ಆದರೆ ಕೊಡವನ್ನು ಕರ್ತೃವಾಗಿಸಿದಾಗ ‘ಸೋರು’ ಎಂಬುದು ತಪ್ಪನ್ನು ಕೊಡದ ಮೇಲೆ ಹೊರಿಸುತ್ತದೆ. ‘ಇಳಿ’ಗೆ ಇಲ್ಲಿ ನೀರೇ ಕರ್ತೃವಾಗಬೇಕು, ಹಾಗಾಗಿ ಅದು ‘ಎಲ್ಲಿಂದ’ ಎಂಬ ಪ್ರಶ್ನೆಯನ್ನು ತಾನಾಗಿಯೇ ಎತ್ತುತ್ತದೆ.

ಅವರ ಮಾತೇ ಸರಿಯಾಗಿತ್ತು. ಮಳೆಯಿಲ್ಲದ ದಿನ ನಾನು ಹೊರಗೆ ಪೈಪು ಹಿಡಿದು, ಮನೆಯಾಕೆ ಒಳಗೆ ಟಾರ್ಚು ಹಿಡಿದು ನಿಂತು, ಕಟ್ಟೆಯ ಕೆಳಗಿನ ಗೋಡೆ, ಕಟ್ಟೆ, ಚೌಕಟ್ಟಿನ ಬದಿ, ತಲೆ, ಕೊನೆಗೆ ಸೂರು ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಜಾಗಕ್ಕೂ ಹತ್ತು ನಿಮಿಷ ನೀರು ಬಿಡುತ್ತ ಹೋದೆವು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ. ಸೂರಿನ ಹಂಚು ಗೋಡೆಗೆ ಕೂಡುವಲ್ಲಿ ನೀರು ಬಿದ್ದ ಮೂರು ನಿಮಿಷಕ್ಕೆ ಒಳಗಿನಿಂದ ಕೂಗು ಬಂತು. ಅಲ್ಲಿ ಸುಣ್ಣದ ಗಾರೆಯ ಪಟ್ಟಿ ಗೋಡೆಯನ್ನು ಬಿಟ್ಟು, ನಾಣ್ಯ ತೂರುವಷ್ಟು ಸಂದಾಗಿತ್ತು. ಅದರೊಳಗೆ ಹೊಕ್ಕ ನೀರು ರೀಪಿನ ಗುಂಟ ಎರಡಡಿ ಪಕ್ಕಕ್ಕೆ ಹರಿದು, ಎಡಮೂಲೆಯ ಕಂಬದ ಮೇಲೆ ಇಳಿಯುತ್ತಿತ್ತು. ಕಲೆಯಿದ್ದದ್ದು ಒಂದೆಡೆ, ತೂತಿದ್ದದ್ದು ಇನ್ನೊಂದೆಡೆ.

ಇಂಗ್ಲಿಷಿನಲ್ಲಿ ‘ಲೀಕ್’ ಎಂಬ ಒಂದೇ ಮಾತಿನಲ್ಲಿ ಮುಗಿಯುವುದನ್ನು ಕನ್ನಡದವರು ಹಲವು ಮಾತುಗಳಲ್ಲಿ ಹಂಚಿಟ್ಟುಕೊಂಡಿದ್ದಾರೆ ಎಂಬುದು ನನ್ನ ಅನಿಸಿಕೆ. ಗಾಳಿಯೊಡನೆ ತೆರಪಿನಿಂದ ನೇರವಾಗಿ ಒಳಹೊಡೆಯುವುದು ಎರಚಲು ಅಥವಾ ಇರಚಲು. ಅದಕ್ಕೆ ಬೇಕಾದದ್ದು ಮರೆಯೇ ಹೊರತು ಮೆತ್ತುವ ವಸ್ತುವಲ್ಲ, ಮಲೆನಾಡಿನಲ್ಲಿ ಜಗಲಿಗೆ ಸೋಗೆಯ ತಟ್ಟಿ ಕಟ್ಟುವುದು ಇದಕ್ಕೇ. ಗೋಡೆಯ ಮೈಯಿಂದ ಮೆಲ್ಲಗೆ ಹೊರಬರುವುದು ಜಿನುಗು. ನೆಲದ ಕಡೆಯಿಂದ ನಿಲ್ಲದೆ ಬರುತ್ತಿದ್ದರೆ ಒಸರು, ಅದಕ್ಕೆ ಒರತೆಯ ನೆನಪಿದೆ. ಬಿಟ್ಟು ಬಿಟ್ಟು ಬೀಳುವುದು ತೊಟ್ಟಿಕ್ಕು. ಕೈಪಿಡಿಯಲ್ಲಿ ಈ ಭೇದವನ್ನು ಉಳಿಸಿಕೊಂಡರೆ, ಓದುಗರು ಸರಿಯಾದ ಕ್ರಿಯಾಪದವನ್ನು ಆಯ್ದುಕೊಳ್ಳುವಾಗಲೇ ಅರ್ಧ ಪತ್ತೆ ಮುಗಿದಿರುತ್ತದೆ. ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದೂ, 1894ರಲ್ಲಿ ಕಿಟೆಲ್ ನಿಘಂಟನ್ನು ಹೊರತಂದದ್ದೂ ಅದೇ ಬಾಸೆಲ್ ಮಿಷನ್ ಆಗಿರುವುದರಿಂದ, ಹಂಚಿನ ಸೂರಿನ ಮಾತಿಗೆ ಆ ನಿಘಂಟನ್ನು ತೆರೆಯುವಾಗ ಏನೋ ಒಂದು ಖುಷಿ ನನಗೆ.

ಕಡೆಯದಾಗಿ ತಡೆಯುವ ಕೆಲಸದ ಪದಗಳು. ‘ತಾತ್ಕಾಲಿಕ ದುರಸ್ತಿ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಪಾರಸಿ ಮೂಲದ ‘ದುರಸ್ತಿ’ಯಲ್ಲಿ ಸರಿಯಾಯಿತು ಎಂಬ ಭರವಸೆ ಇದೆ, ನಾನು ಮಾಡಿದ್ದರಲ್ಲಿ ಅದು ಇರಲಿಲ್ಲ. ಪಾಚಿಯನ್ನು ತಂತಿಬ್ರಷ್ಷಿನಿಂದ ಕೆರೆದು, ಎರಡು ದಿನ ಬಿಸಿಲಿಗೆ ಒಣಗಬಿಟ್ಟು, ಸಂದಿನ ಉದ್ದಕ್ಕೂ ಡಾಂಬರಿನ ಅಂಟುಪಟ್ಟಿಯನ್ನು ಒತ್ತಿ ಕೂರಿಸಿದೆ, ಅಷ್ಟೆ. ಚೌಕಟ್ಟಿನ ತಲೆಯ ಸಣ್ಣ ಬಿರುಕಿಗೆ ಎಂ-ಸೀಲಿನ ಎರಡು ಮುದ್ದೆಗಳನ್ನು ಸಮನಾಗಿ ನಾದಿ ತುಂಬಿದೆ. ಮೊದಲನೆಯದು ಮೇಲಿನಿಂದ ಹೊದಿಸುವ ಕೆಲಸ, ಆದ್ದರಿಂದ ‘ತೇಪೆ’. ಎರಡನೆಯದು ಒಳಕ್ಕೆ ಒತ್ತುವ ಕೆಲಸ, ಆದ್ದರಿಂದ ‘ಮೆತ್ತುವುದು’. ಒಟ್ಟಿಗೆ ‘ಸದ್ಯದ ತೇಪೆ’ ಎಂದರೆ ಸಾಕೇ? ಮೇಸ್ತ್ರಿಯವರು ‘ಸದ್ಯಕ್ಕೆ’ ಎಂಬ ಒಂದು ಮಾತಿನಲ್ಲೇ ಮುಗಿಸಿದ್ದರು.

ಇನ್ನೆರಡು ತೊಡಕುಗಳಿವೆ. ಚೌಕಟ್ಟಿನ ಅಡಿಯಲ್ಲಿ, ಒಳಸೇರಿದ ನೀರು ಹೊರಹೋಗಲೆಂದೇ ಬಿಟ್ಟಿರುವ ಸಣ್ಣ ತೂತುಗಳನ್ನು ಸೋರುವ ಜಾಗವೆಂದು ತಿಳಿದು ಮೆತ್ತಿಬಿಡಬಾರದೆಂದು ಎಚ್ಚರಿಸಬೇಕಾಗಿದೆ. ಕೆರೆಗೂ ಬಚ್ಚಲಿಗೂ ಸಲ್ಲುವ ‘ತೂಬು’ ಇದಕ್ಕೂ ಸಲ್ಲುತ್ತದೆಯೇ? ಕಟ್ಟೆಯ ಹೊರಅಂಚಿನ ಅಡಿಯಲ್ಲಿ, ನೀರು ಗೋಡೆಯ ಕಡೆಗೆ ಹಿಂದಿರುಗದೆ ಅಲ್ಲೇ ತೊಟ್ಟಿಕ್ಕಲೆಂದು ಉದ್ದಕ್ಕೂ ಕೊರೆದಿರುವ ಗೀರಿಗೆ ನಿಮ್ಮ ಕಡೆಯ ಗಾರೆಯವರು ಏನೆನ್ನುತ್ತಾರೆ? ಮಾಳಿಗೆ ಮನೆಗಳ ಬಳಕೆ ಬಲ್ಲ ಉತ್ತರ ಕರ್ನಾಟಕದವರೂ ಹಂಚಿನ ಮನೆಗಳಲ್ಲಿ ಬೆಳೆದ ಕರಾವಳಿಯವರೂ ತಾವು ಕೇಳಿದ ಮಾತನ್ನು ಊರಿನ ಹೆಸರಿನೊಂದಿಗೆ ತಿಳಿಸಿದರೆ, ಅದನ್ನು ಹಾಗೆಯೇ ಕೈಪಿಡಿಗೆ ಸೇರಿಸಿಕೊಳ್ಳುತ್ತೇನೆ.