ಊರ ಕೆರೆ ಶ್ರಮದಾನ: ಹೂಳು ಮೊದಲಾ, ಕಾಲುವೆ ಮೊದಲಾ?

ಕೆರೆಹಿಂದಿನ_ಬೀದಿ:
ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರ. ರಸ್ತೆ ಅಗಲ ಆದ ಮೇಲೆ ನಾಲ್ಕು ಲೇಔಟ್ ಎದ್ದಿವೆ, ಪಟ್ಟಣ ಪಂಚಾಯಿತಿ ಆಗುತ್ತೆ ಅನ್ನೋ ಮಾತೂ ಇದೆ. ಊರ ಕೆರೆ 22 ಎಕರೆ, ಅಂಗಳದ ತುಂಬ ಬಳ್ಳಾರಿ ಜಾಲಿ. ಒಳ್ಳೆ ಮಳೆಯಾದ ವರ್ಷವೂ ನೀರು ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿ) ಮಟ್ಟ ಮುಟ್ಟುತ್ತಿಲ್ಲ. ಯುವಕ ಸಂಘ, ಸ್ತ್ರೀಶಕ್ತಿ ಗುಂಪುಗಳು ಸೇರಿ ಭಾನುವಾರಕ್ಕೆ 30 ಜನ ಸಿಗುತ್ತಾರೆ. ಹೂಳಿನಿಂದಲೇ ಶುರು ಮಾಡೋಣ ಅಂತ ಎಲ್ಲರ ಆಸೆ. ಯಾರ ಅನುಮತಿ ಬೇಕು, ಎಷ್ಟು ಆಳ ತೆಗೀಬೇಕು, ಲೆಕ್ಕ ಹೇಗೆ ಇಡೋದು?

ನೀರುಗಂಟಿ:
ಹೂಳಿಗೆ ಕೈ ಹಾಕಬೇಡಿ, ಈಗಲೇ ಬೇಡ. 22 ಎಕರೆಯಲ್ಲಿ ಒಂದೇ ಎಕರೆ, ಅದೂ ಒಂದಡಿ ತೆಗೆದರೆ 43,560 ಘನ ಅಡಿ ಮಣ್ಣು. ಟ್ರ್ಯಾಕ್ಟರ್ ಟ್ರೈಲರ್‌ಗೆ 100 ಘನ ಅಡಿ ಅಂತ ಹಿಡಿದರೂ 435 ಲೋಡ್ ಆಯಿತು. ಅಭ್ಯಾಸ ಇಲ್ಲದ 30 ಜನ ಒಂದು ಬೆಳಗ್ಗೆ ಸಲಿಕೆ ಹಿಡಿದರೆ ಏಳೆಂಟು ಲೋಡ್ ಆದರೆ ಹೆಚ್ಚು. ಅಂದರೆ ಆ ಭಾನುವಾರ ನೀವು ಕೆರೆಗೆ ಸೇರಿಸಿದ ಜಾಗ ಸುಮಾರು 20 ಸಾವಿರ ಲೀಟರಿನದು.

ಅದೇ 30 ಜನ ಕೆರೆಗೆ ಮಳೆನೀರು ತರುವ ರಾಜಕಾಲುವೆ ಬಿಡಿಸಿದರೆ? ಜಲಾನಯನದ ಒಂದು ಚದರ ಕಿಲೋಮೀಟರಿನಲ್ಲಿ 50 ಮಿ.ಮೀ. ಮಳೆ ಬಿದ್ದು, ಹತ್ತರಲ್ಲಿ ಒಂದು ಪಾಲು ಹರಿದು ಬಂದರೂ 50 ಲಕ್ಷ ಲೀಟರ್. ತೂಬಿನ ಮಟ್ಟಕ್ಕೇ ನೀರು ಬರುತ್ತಿಲ್ಲ ಅಂದರೆ ನಿಮ್ಮ ಕೆರೆಗೆ ಕಡಿಮೆಯಾಗಿರೋದು ನೀರಿನ ದಾರಿ, ಜಾಗ ಅಲ್ಲ.

ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಮತ್ತು ಗ್ರಾಮ ನಕಾಶೆ ಹಿಡಿದು, ಕೆರೆ ಬಾಯಿಂದ ಮೇಲಕ್ಕೆ ಕಾಲುವೆಯುದ್ದಕ್ಕೂ ನಡೆಯಿರಿ. ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ ಹೋದರೆ ನೀರು ಎಲ್ಲಿ ಅಡ್ಡದಾರಿ ಹಿಡಿದಿದೆ ಅಂತ ಕಣ್ಣಿಗೇ ಕಾಣುತ್ತೆ. ಲೇಔಟ್ ಬಂದ ಊರುಗಳಲ್ಲಿ ಸಾಮಾನ್ಯವಾಗಿ ಸಿಗೋದು ಎರಡು ತಪ್ಪು: ಅಡ್ಡರಸ್ತೆಯ ಕೆಳಗೆ ಒಂದೂವರೆ, ಎರಡಡಿ ಪೈಪ್ ಹಾಕಿ ಆರಡಿ ಕಾಲುವೆಯನ್ನ ಅದರೊಳಗೆ ತುರುಕಿರುತ್ತಾರೆ, ಇಲ್ಲವೇ ಪೈಪನ್ನ ಕಾಲುವೆ ತಳಕ್ಕಿಂತ ಎತ್ತರಕ್ಕೆ ಕೂರಿಸಿರುತ್ತಾರೆ. ಎರಡನೆಯದಾದರೆ ಮೇಲ್ಗಡೆ ನೀರು ನಿಂತು ಹೂಳು ಅಲ್ಲೇ ಕೂರುತ್ತೆ, ಎಷ್ಟು ಸಲ ಬಳಿದರೂ ಮತ್ತೆ ತುಂಬುತ್ತೆ. ಪ್ರತಿ ಪೈಪಿನ ಅಳತೆ, ಸರ್ವೆ ನಂಬರ್, ಫೋಟೋ ಬರೆದಿಟ್ಟುಕೊಳ್ಳಿ. ಪೈಪ್ ಬದಲಿಸೋದು ಎಂಜಿನಿಯರ್ ಕೆಲಸ. ಕಸ, ಗಿಡ, ಮಣ್ಣು ತೆಗೆಯೋದು ನಿಮ್ಮದು.

ಕಡತ_ಮನುಷ್ಯ:
ಅನುಮತಿ ವಿಷಯ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣಿಸುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಪಂಚಾಯಿತಿ ಕಡೆಯ ಕೆರೆ, ಮೇಲಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಎಣಿಸೋದು ನೀರು ನಿಲ್ಲುವ ಜಾಗವನ್ನಲ್ಲ, ಅಚ್ಚುಕಟ್ಟನ್ನ. ಇಲ್ಲಿ ಬಹಳ ಜನ ಎಡವುತ್ತಾರೆ.

ಗ್ರಾಮಸಭೆಯಲ್ಲಿ ವಿಷಯ ಇಟ್ಟು, ನಿರ್ಣಯದ ಪ್ರತಿಯನ್ನ ಪಿಡಿಒ ಸಹಿ ಹಾಕಿಸಿ ಪಡೆಯಿರಿ. ಹೂಳು ರೈತರ ಹೊಲಕ್ಕೆ ಮಾತ್ರ ಅಂತ ಅದರಲ್ಲೇ ಬರೆಸಿ. ಇಟ್ಟಿಗೆ ಗೂಡಿಗೋ ಸೈಟ್ ಭರ್ತಿಗೋ ಹೋಯಿತು ಅಂದರೆ ಮಾರನೇ ದಿನವೇ ದೂರು ಬೀಳುತ್ತೆ. ಮೀನು ಗುತ್ತಿಗೆ ಯಾರಿಗಾದರೂ ಆಗಿದೆಯಾ, ಅವಧಿ ಎಲ್ಲಿವರೆಗೆ, ನೋಡಿ. ವಿಶ್ವಬ್ಯಾಂಕ್ ನೆರವಿನ ಜಲ ಸಂವರ್ಧನೆ ಯೋಜನೆಯ ಕಾಲದ ಕೆರೆ ಬಳಕೆದಾರರ ಸಂಘ ನಿಮ್ಮಲ್ಲಿ ನೋಂದಣಿ ಆಗಿದ್ದಿರಬಹುದು. ಇದ್ದರೆ ಹೊಸ ಸಂಘ ಕಟ್ಟೋ ಮೊದಲು ಹಳಬರನ್ನ ಕರೆದು ಮಾತಾಡಿ.

ಒತ್ತುವರಿ ಅನುಮಾನ ಇದ್ದಲ್ಲಿ ನೀವೇ ಹಗ್ಗ ಹಿಡಿದು ಅಳೆಯಬೇಡಿ. ಹದ್ದುಬಸ್ತು (ಗಡಿ ಗುರುತಿಸುವ) ಅಳತೆ ಮಾಡಿಸಿ ಕಲ್ಲು ನೆಡೋ ಹಾಗೆ ಪಂಚಾಯಿತಿಯಿಂದ ತಹಶೀಲ್ದಾರರಿಗೆ ಪತ್ರ ಹೋಗಲಿ. ಸ್ವಯಂಸೇವಕರು ಬೇಲಿ ಕಿತ್ತರೆ ಅದು ಊರ ಜಗಳ, ಸರ್ವೆಯರ್ ಗುರುತು ಹಾಕಿದರೆ ಅದು ದಾಖಲೆ.

ಇನ್ನೊಂದು. ಜನಸಂಖ್ಯೆ 10 ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ ಪ್ರಸ್ತಾವ ಬರುತ್ತೆ. ಆದ ಮೇಲೆ ಉದ್ಯೋಗ ಖಾತ್ರಿ ಕೂಲಿ ನಿಮ್ಮೂರಿಗಿಲ್ಲ, ಅದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಕಾಲುವೆ ಕೆಲಸ ಅದರಲ್ಲಿ ಮಾಡಿಸೋದಾದರೆ ಈಗಲೇ ಕ್ರಿಯಾಯೋಜನೆಗೆ ಸೇರಿಸಿ. ಅಲ್ಲಿ ಜೆಸಿಬಿ ಬಳಸುವಂತಿಲ್ಲ. ಹಾಗಾಗಿ ಚಂದಾ ಹಣದ ಯಂತ್ರದ ಕೆಲಸವನ್ನ ಬೇರೆ ಜಾಗದಲ್ಲಿ, ಬೇರೆ ಕಡತದಲ್ಲಿ ಇಡಿ.

ಕೆರೆಹಿಂದಿನ_ಬೀದಿ:
ಕಾಲುವೆ ಬಿಡಿಸಿದರೆ ಲೇಔಟಿನ ಚರಂಡಿ ನೀರೂ ಕೆರೆಗೇ ಬರುತ್ತಲ್ಲ? ಜಾಲಿ ಏನು ಮಾಡೋದು? ಏರಿ ಮೇಲೆ ಹೊಂಗೆ ನೆಡಬೇಕು ಅಂತಾನೂ ಕೆಲವರು ಹೇಳ್ತಿದ್ದಾರೆ.

ಗೋಡುಮಣ್ಣು:
ಏರಿ ಮೇಲೆ ಮರ ಬೇಡವೇ ಬೇಡ. ಬೇರು ಸತ್ತು ಕೊಳೆತ ಜಾಗ ಕೊಳವೆಯಾಗುತ್ತೆ, ನೀರು ಅದರಲ್ಲಿ ಜಿನುಗಿ ಏರಿ ಒಡೆಯುತ್ತೆ. ಹೊಂಗೆಯನ್ನ ಅಂಗಳದ ಮೇಲಂಚಿಗೆ ನೆಡಿ. ಏರಿ ಮೇಲಿನ ಚಿಕ್ಕ ಪೊದೆ ಸವರಿ, ಹಳೆ ದೊಡ್ಡ ಮರ ಬುಡಸಮೇತ ಕೀಳಬೇಡಿ, ಕಾರಣ ಅದೇ. ಹೆಚ್ಚು ನೀರು ನಿಲ್ಲಲಿ ಅಂತ, ಕೆರೆ ತುಂಬಿದಾಗ ನೀರು ಹೊರಹೋಗುವ ಕೋಡಿಯನ್ನ ಎತ್ತರಿಸೋಕೂ ಹೋಗಬೇಡಿ.

ಜಾಲಿ ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತೆ. ಬುಡದ ಸುತ್ತ ಒಂದಡಿ ಬಗೆದು, ಗಂಟಿನ ಕೆಳಗೆ ಬೇರು ಕತ್ತರಿಸಬೇಕು. ಕಾಯಿ ಮಾಗೋ ಮೊದಲು ಮುಗಿಸಿ. ದನ, ಕುರಿ ತಿಂದು ಬೀಜವನ್ನ ಊರೆಲ್ಲ ಹರಡುತ್ತವೆ. ಹವಾಯಿ ಚಪ್ಪಲಿಯಲ್ಲಿ ಬಂದವರನ್ನ ಅಂಗಳಕ್ಕೆ ಇಳಿಸಬೇಡಿ, ಆ ಮುಳ್ಳು ಟ್ರ್ಯಾಕ್ಟರ್ ಟೈರಿಗೇ ಇಳಿಯುತ್ತೆ.

ಚರಂಡಿ ಭಯ ಸರಿಯಾದದ್ದೇ. ಶೌಚದ ನೀರು ಬಿಟ್ಟಿರುವ ಮನೆಗಳ ಪಟ್ಟಿಯನ್ನ ಪಂಚಾಯಿತಿಗೆ ಕೊಟ್ಟು ಮೊದಲು ಅದನ್ನ ನಿಲ್ಲಿಸಿ. ಬಚ್ಚಲು ನೀರಿಗೆ ಮನೆಗೊಂದು ಇಂಗುಗುಂಡಿ. ಕಾಲುವೆ ಕೆರೆ ಸೇರುವ ಮುಂಚೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಹೂಳುಗುಂಡಿ ತೆಗೆದು, ಅದರ ಬಾಯಿಗೆ ಕಸ ತಡೆಯೋ ಕಂಬಿ ಜಾಲರಿ ಹಾಕಿ. ಪ್ರತಿ ದೊಡ್ಡ ಮಳೆ ಆದ ಮೇಲೂ ಬಳಿಯಲೇಬೇಕು, ಇಲ್ಲದಿದ್ದರೆ ಕಸ ಕಟ್ಟಿಕೊಂಡು ನೀರು ರಸ್ತೆಗೆ ನುಗ್ಗುತ್ತೆ.

ಹೂಳಿನ ಸರದಿ ಆಮೇಲೆ: ಫೆಬ್ರುವರಿಯಿಂದ ಮೇ ಒಳಗೆ, ಅಂಗಳ ಬಿರುಕು ಬಿಟ್ಟ ಮೇಲೆ. ಏರಿಯ ಒಳಬುಡದಿಂದ 20 ಮೀಟರ್ ಬಿಡಿ. ಐದಾರು ಕಡೆ ಮೊದಲು ಗುಣಿ ತೋಡಿ ನೋಡಿ. ಮೇಲಿನ ಕಪ್ಪು ಮೆತ್ತನೆ ಗೋಡು ಮುಗಿದು ಗಟ್ಟಿ ಜೇಡಿ ಸಿಕ್ಕಿತೋ, ಅಲ್ಲಿಗೆ ನಿಲ್ಲಿಸಿ. ಅದನ್ನ ಒಡೆದರೆ ಕೆರೆ ಸೋರುತ್ತೆ. ಇಳಿಜಾರು ತೂಬಿನ ಕಡೆಗಿರಲಿ. ಅಲ್ಲಲ್ಲಿ ಆಳ ಗುಂಡಿ ಬಿಟ್ಟರೆ ಆ ನೀರು ತೂಬಿಗೆ ಬರಲ್ಲ, ಮಕ್ಕಳು ಮುಳುಗೋದೂ ಅಲ್ಲೇ. ಗೋಡು ಕೆಂಪು ಮಣ್ಣಿನ ಹೊಲಕ್ಕೆ ಒಳ್ಳೇದು, ಒಂದಿಂಚು ಹರಡಲು ಎಕರೆಗೆ 36 ಲೋಡ್.

ಲೆಕ್ಕಕ್ಕೆ ಎರಡು ಪುಸ್ತಕ ಸಾಕು. ಒಂದರಲ್ಲಿ ಜೆಸಿಬಿಯ ಗಂಟೆ ಮೀಟರ್, ಶುರುವಾದಾಗ ಮತ್ತು ನಿಂತಾಗ, ಚಾಲಕನ ಸಹಿ ಸಮೇತ. ಇನ್ನೊಂದು ಲೋಡ್ ಚೀಟಿ: ಅಂಗಳದಲ್ಲಿ ಹರಿದು ಕೊಟ್ಟದ್ದನ್ನ ಹೊಲದ ರೈತ ಸಹಿ ಮಾಡಿ ವಾಪಸ್ ಕಳಿಸಬೇಕು. ಸಂಜೆ ಎರಡೂ ಸಂಖ್ಯೆ ತಾಳೆ ನೋಡಿ ಪಂಚಾಯಿತಿ ಬೋರ್ಡಿನಲ್ಲಿ ಬರೆಯಿರಿ. ಚೀಟಿ ವಾಪಸ್ ಬರದ ಟ್ರ್ಯಾಕ್ಟರಿಗೆ ಮರುದಿನ ಲೋಡ್ ಇಲ್ಲ.